ಹೊಟ್ಟೆಯೊಳಗಿನ ಚಿತ್ರ: ಯಾವ ನೋವಿಗೆ ಯಾವ ಸ್ಕ್ಯಾನಿಂಗ್?

(ಸಂಘದ ಆರೋಗ್ಯ ಅರಿವು ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ವೈದ್ಯೆಯಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಹೊಟ್ಟೆಯ ಕಾಯಿಲೆಯ ಬಗ್ಗೆ ಭಾಷಾ ಶಿಕ್ಷಕಿ ಏಕೆ ಮಾತನಾಡಬೇಕು ಎಂದು ನಿಮಗೆ ಅನಿಸಬಹುದು. ಈ ವಿಷಯದಲ್ಲಿ ಗೊಂದಲ ಶುರುವಾಗುವುದೇ ಮಾತಿನಿಂದ, ಅದಕ್ಕೇ ಒಪ್ಪಿಕೊಂಡೆ.

ಕನ್ನಡದಲ್ಲಿ 'ಪಿತ್ತ' ಎಂದರೆ ಎಷ್ಟು ಅರ್ಥ ನೋಡಿ. ತಲೆ ಸುತ್ತಿದರೆ ಪಿತ್ತ, ವಾಕರಿಕೆ ಬಂದರೆ ಪಿತ್ತ, ಸಿಟ್ಟು ಬಂದವನಿಗೆ ಪಿತ್ತ ನೆತ್ತಿಗೇರಿದೆ. ಉರ್ದುವಿನಲ್ಲಿ 'ಪಿತ್ತಾ' ಎಂದರೆ ಪಿತ್ತಕೋಶ, ಅಂದರೆ ದೇಹದೊಳಗಿನ ಒಂದು ಅಂಗ. ಹೀಗಾಗಿ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಪಿತ್ತಕೋಶದ ತೊಂದರೆ ಎಂದು ಬರೆದಿದ್ದರೂ ಮನೆಗೆ ಬಂದು ನಿಂಬೆ ಷರಬತ್ತು ಕುಡಿದು ಸುಮ್ಮನಾಗುವವರಿದ್ದಾರೆ. ಇನ್ನು ಮೇದೋಜೀರಕ ಗ್ರಂಥಿಯ ಹೆಸರನ್ನು ಪಠ್ಯಪುಸ್ತಕದ ಆಚೆ ಕೇಳಿದವರೇ ಕಡಿಮೆ. ಉರ್ದುವಿನಲ್ಲಿ ಅದಕ್ಕೆ 'ಲಬ್‌ಲಬಾ' ಎನ್ನುತ್ತಾರೆ. ಈ ಎರಡು ಅಂಗಗಳಿಗೆ ಬಹುಕಾಲ ಕಾಡುವ ಉರಿಯೂತ ಬಂದಾಗ ಅದನ್ನು ಚಿತ್ರಗಳ ಮೂಲಕ ಹೇಗೆ ಕಂಡುಹಿಡಿಯುತ್ತಾರೆ, ಯಾವ ಚಿತ್ರದ ಶಕ್ತಿ ಎಷ್ಟು, ಮಿತಿ ಎಷ್ಟು ಎಂಬುದೇ ಇಂದಿನ ವಿಷಯ.

ಎರಡು ಅಂಗ, ಒಂದೇ ಬಾಗಿಲು

ಬಲಗಡೆ ಪಕ್ಕೆಲುಬಿನ ಕೆಳಗೆ ಯಕೃತ್ತು ಇದೆ. ಅದರ ತಳಕ್ಕೆ ಅಂಟಿಕೊಂಡಂತೆ ಸೀಬೆಹಣ್ಣಿನ ಆಕಾರದ ಚಿಕ್ಕ ಚೀಲವೇ ಪಿತ್ತಕೋಶ. ಉದ್ದ 7ರಿಂದ 10 ಸೆಂಟಿಮೀಟರ್. ಯಕೃತ್ತು ತಯಾರಿಸಿದ ಪಿತ್ತರಸವನ್ನು ಕೂಡಿಟ್ಟು ಗಟ್ಟಿ ಮಾಡುವುದು ಇದರ ಕೆಲಸ. ನಾವು ಕೊಬ್ಬಿನ ಆಹಾರ ತಿಂದಾಗ ಕರುಳಿನಿಂದ ಒಂದು ಹಾರ್ಮೋನಿನ ಸಂದೇಶ ಬರುತ್ತದೆ. ಕೂಡಲೇ ಪಿತ್ತಕೋಶ ಹಿಂಡಿಕೊಂಡು ರಸವನ್ನು ಸಣ್ಣ ಕರುಳಿಗೆ ಬಿಡುತ್ತದೆ.

ಮೇದೋಜೀರಕ ಗ್ರಂಥಿ ಇರುವುದು ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ, ಅಡ್ಡಲಾಗಿ. ಉದ್ದ ಸುಮಾರು 15 ಸೆಂಟಿಮೀಟರ್. ಇದು ಆಹಾರವನ್ನು ಜೀರ್ಣಿಸುವ ಕಿಣ್ವಗಳನ್ನೂ ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಸಾಮಾನ್ಯವಾಗಿ ಇದರ ನಾಳವೂ ಪಿತ್ತನಾಳವೂ ಕೊನೆಯಲ್ಲಿ ಸೇರಿ ಒಂದೇ ಬಾಗಿಲಿನಿಂದ ಸಣ್ಣ ಕರುಳಿಗೆ ತೆರೆದುಕೊಳ್ಳುತ್ತವೆ. ಆದ್ದರಿಂದಲೇ ಪಿತ್ತಕೋಶದಿಂದ ಜಾರಿದ ಒಂದು ಸಣ್ಣ ಕಲ್ಲು ಆ ಬಾಗಿಲಲ್ಲಿ ಸಿಕ್ಕಿಕೊಂಡರೆ ಮೇದೋಜೀರಕ ಗ್ರಂಥಿಗೂ ಉರಿಯೂತ ಬರಬಹುದು.

ಪಿತ್ತಕೋಶದಲ್ಲಿ ಕಲ್ಲು ಸೇರಿ ಮತ್ತೆ ಮತ್ತೆ ಅದರ ಕುತ್ತಿಗೆಯನ್ನು ಅಡ್ಡಗಟ್ಟಿದರೆ ಗೋಡೆಗೆ ಪೆಟ್ಟು ಬೀಳುತ್ತದೆ. ವರ್ಷಗಳು ಕಳೆದಂತೆ ಗೋಡೆ ದಪ್ಪವಾಗುತ್ತದೆ, ಕಲೆಗಟ್ಟುತ್ತದೆ, ಚೀಲ ಕುಗ್ಗುತ್ತದೆ. ಇದು ಪಿತ್ತಕೋಶದ ದೀರ್ಘಕಾಲದ ಉರಿಯೂತ. ಮೇದೋಜೀರಕ ಗ್ರಂಥಿಯಲ್ಲಿ ಹೀಗೆಯೇ ನಡೆದಾಗ ಗ್ರಂಥಿ ಸವೆಯುತ್ತದೆ, ನಾಳ ಅಲ್ಲಲ್ಲಿ ಕಿರಿದಾಗಿ ಅಲ್ಲಲ್ಲಿ ಹಿಗ್ಗುತ್ತದೆ, ಒಳಗೆ ಸುಣ್ಣದ ಕಲ್ಲುಗಳು ಕೂರುತ್ತವೆ. ಚಿತ್ರದಲ್ಲಿ ವೈದ್ಯರು ಹುಡುಕುವುದು ಈ ಬದಲಾವಣೆಗಳನ್ನೇ.

ಚಿತ್ರಕ್ಕಿಂತ ಮೊದಲು ಮಾತು

ಯಂತ್ರದ ಬಳಿ ಹೋಗುವ ಮೊದಲು ನೋವನ್ನು ಸರಿಯಾಗಿ ಹೇಳಲು ಕಲಿಯಬೇಕು. ನಮ್ಮ ಮನೆಗಳಲ್ಲಿ ಎಲ್ಲ ಹೊಟ್ಟೆನೋವಿಗೂ 'ಗ್ಯಾಸ್ಟ್ರಿಕ್' ಎಂಬ ಒಂದೇ ಹೆಸರು. ಮೆಡಿಕಲ್ ಶಾಪಿನ ಮಾತ್ರೆ, ಒಂದು ಲೋಟ ಸೋಡಾ, ಅಲ್ಲಿಗೆ ಮುಗಿಯಿತು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ತಾಯಂದಿರಂತೂ ತಮ್ಮ ನೋವನ್ನು ಹೇಳುವುದೇ ಇಲ್ಲ. ಪಿತ್ತಕೋಶದ ಕಲ್ಲು ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು ಎಂಬುದನ್ನು ಅವರು ತಿಳಿದಿರಬೇಕು.

ಪಿತ್ತಕೋಶದ ನೋವು ಸಾಮಾನ್ಯವಾಗಿ ಮೇಲುಹೊಟ್ಟೆಯಲ್ಲಿ ಅಥವಾ ಬಲ ಪಕ್ಕೆಲುಬಿನ ಕೆಳಗೆ ಬರುತ್ತದೆ. ಬಲಭುಜದ ಕಡೆಗೋ ಬೆನ್ನಿಗೋ ಹರಡಬಹುದು. ಮದುವೆ ಮನೆಯ ಬಿರಿಯಾನಿ ಉಂಡ ರಾತ್ರಿ ಶುರುವಾಗಿ ಅರ್ಧ ಗಂಟೆಯಿಂದ ಕೆಲವು ಗಂಟೆ ಇದ್ದು ಹೋಗುತ್ತದೆ, ಕೆಲವು ವಾರ ಬಿಟ್ಟು ಮತ್ತೆ ಬರುತ್ತದೆ. ಮೇದೋಜೀರಕದ ನೋವು ಮೇಲುಹೊಟ್ಟೆಯ ಆಳದಲ್ಲಿದ್ದು ಬೆನ್ನಿಗೆ ಇರಿದಂತಾಗುತ್ತದೆ. ಮುಂದಕ್ಕೆ ಬಾಗಿ ಕುಳಿತರೆ ಸ್ವಲ್ಪ ಹಗುರಾಗಬಹುದು. ಜೊತೆಗೆ ತೂಕ ಇಳಿಯುವುದು, ಮಲ ಎಣ್ಣೆಯಂತೆ ಜಿಡ್ಡಾಗಿ ತೇಲುವುದು, ಹೊಸದಾಗಿ ಸಕ್ಕರೆ ಕಾಯಿಲೆ ಬರುವುದು ಇದರ ಮುಂದಿನ ಲಕ್ಷಣಗಳು.

ನೋವು ಎಲ್ಲಿ, ಯಾವಾಗ, ಎಷ್ಟು ಹೊತ್ತು, ಏನು ತಿಂದ ಮೇಲೆ, ಎತ್ತ ಹರಡಿತು ಎಂಬ ಐದು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ಕೊಡಿ. ಯಾವ ಚಿತ್ರ ಬೇಕು ಎಂದು ತೀರ್ಮಾನಿಸಲು ಅವರಿಗೆ ಇದು ಬಹಳ ಸಹಾಯ ಮಾಡುತ್ತದೆ.

ಒಂದು ಎಚ್ಚರಿಕೆ. ಬಿಡದೆ ಕಾಡುವ ತೀವ್ರ ನೋವು, ಚಳಿಜ್ವರ, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ ಇದ್ದರೆ ಚೀಟಿ ಬರೆಯುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹೃದಯಾಘಾತವೂ ಕೆಲವರಲ್ಲಿ ಮೇಲುಹೊಟ್ಟೆಯ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಬೆವರು, ಉಸಿರಾಟದ ಕಷ್ಟ ಇದ್ದರೆ ಅಲ್ಲಿ ಮೊದಲು ಬೇಕಾದದ್ದು ಇ.ಸಿ.ಜಿ.

ಪ್ರತಿಧ್ವನಿಯ ಚಿತ್ರ

ಪಿತ್ತಕೋಶಕ್ಕೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ನಾವು 'ಸ್ಕ್ಯಾನಿಂಗ್' ಎಂದು ಕರೆಯುವುದು ಹೆಚ್ಚಾಗಿ ಇದನ್ನೇ. ವಿಜಯಪುರದ ಗೋಳಗುಮ್ಮಟಕ್ಕೆ ಪ್ರವಾಸ ಹೋದ ವಿದ್ಯಾರ್ಥಿಗಳು ಅಲ್ಲಿ ಕೂಗಿ ಪ್ರತಿಧ್ವನಿ ಕೇಳಿದ್ದೀರಿ. ಈ ಯಂತ್ರದ ತತ್ತ್ವವೂ ಅದೇ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲದು. ಹೊಟ್ಟೆಯ ಮೇಲೆ ಆಡಿಸುವ ಉಪಕರಣ ಸೆಕೆಂಡಿಗೆ ಹತ್ತಾರು ಲಕ್ಷ ಕಂಪನಗಳ ಶಬ್ದವನ್ನು ಒಳಗೆ ಕಳಿಸುತ್ತದೆ. ಅದು ಅಂಗಗಳಿಗೆ ತಗುಲಿ ಮರಳಿದ ಸಮಯವನ್ನು ಲೆಕ್ಕ ಹಾಕಿ ಯಂತ್ರ ಚಿತ್ರ ಬಿಡಿಸುತ್ತದೆ. ಇದರಲ್ಲಿ ಕ್ಷ-ಕಿರಣ ಇಲ್ಲ. ಗರ್ಭಿಣಿಯರಿಗೂ ಮಾಡಬಹುದು.

ಪಿತ್ತಕೋಶದೊಳಗೆ ದ್ರವ ಇರುವುದರಿಂದ ಅದು ಕಪ್ಪಾಗಿ ಕಾಣುತ್ತದೆ. ಕಲ್ಲು ಬೆಳ್ಳಗೆ ಹೊಳೆಯುತ್ತದೆ, ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ರೋಗಿಯನ್ನು ಮಗ್ಗುಲಾಗಿಸಿದರೆ ಕಲ್ಲು ಉರುಳುತ್ತದೆ. ಗೋಡೆಗೆ ಅಂಟಿದ ಗಂಟು ಉರುಳುವುದಿಲ್ಲ. ಇದರಿಂದ ಎರಡರ ವ್ಯತ್ಯಾಸ ತಿಳಿಯುತ್ತದೆ. ಗೋಡೆಯ ದಪ್ಪ 3 ಮಿಲಿಮೀಟರ್ ಮೀರಿದ್ದರೆ, ಚೀಲ ಕುಗ್ಗಿ ಕಲ್ಲಿನ ಸುತ್ತ ಮುದುಡಿಕೊಂಡಿದ್ದರೆ ದೀರ್ಘಕಾಲದ ಉರಿಯೂತದ ಅನುಮಾನ ಬಲವಾಗುತ್ತದೆ. ಪಿತ್ತಕೋಶದ ಕಲ್ಲನ್ನು ಗುರುತಿಸುವುದರಲ್ಲಿ ಅಲ್ಟ್ರಾಸೌಂಡಿನ ನಿಖರತೆ ಶೇಕಡಾ 95ರಷ್ಟಿದೆ.

ಪರೀಕ್ಷೆಗೆ ಮುನ್ನ 6ರಿಂದ 8 ಗಂಟೆ ಏನೂ ತಿನ್ನಬಾರದು ಎನ್ನುವುದಕ್ಕೆ ಕಾರಣ ಇದೆ. ತಿಂದ ಮೇಲೆ ಪಿತ್ತಕೋಶ ಹಿಂಡಿಕೊಳ್ಳುತ್ತದೆ, ಆಗ ಆರೋಗ್ಯವಂತ ಗೋಡೆಯೂ ದಪ್ಪವಾಗಿ ಕಾಣುತ್ತದೆ. "ಒಂದು ಲೋಟ ಚಹಾ ತಾನೇ" ಎಂದು ಹಾಲು ಹಾಕಿದ ಚಹಾ ಕುಡಿದು ಹೋದರೆ ವರದಿ ತಪ್ಪು ದಾರಿ ಹಿಡಿಯಬಹುದು.

ಸ್ಕ್ಯಾನಿಂಗ್ ಕೇಂದ್ರದಲ್ಲಿ ಭ್ರೂಣದ ಲಿಂಗ ತಿಳಿಸುವುದಿಲ್ಲ ಎಂಬ ಫಲಕ ನೋಡಿರುತ್ತೀರಿ. ಇದೇ ಯಂತ್ರ ಹೆಣ್ಣು ಭ್ರೂಣಹತ್ಯೆಗೆ ಬಳಕೆಯಾಗಬಾರದೆಂದು 1994ರಲ್ಲಿ ಕಾಯ್ದೆ ಬಂತು. ಆದ್ದರಿಂದ ನೋಂದಣಿಯಾದ ಕೇಂದ್ರಕ್ಕೇ ಹೋಗಬೇಕು.

ಕಲ್ಲು ಕಂಡರೆ ಎಲ್ಲ ತಿಳಿದಂತಲ್ಲ

ಇಲ್ಲಿ ಎರಡು ಬಗೆಯ ತಪ್ಪು ತಿಳುವಳಿಕೆ ಇದೆ. ಮೊದಲನೆಯದು, ಕಲ್ಲು ಕಂಡ ಕೂಡಲೇ ಅದೇ ನೋವಿಗೆ ಕಾರಣ ಎಂದು ಭಾವಿಸುವುದು. ಎಷ್ಟೋ ಜನರ ಪಿತ್ತಕೋಶದಲ್ಲಿ ಕಲ್ಲುಗಳು ಜೀವನಪೂರ್ತಿ ಸದ್ದಿಲ್ಲದೆ ಇರುತ್ತವೆ. ನೋವೇ ಇಲ್ಲದ ಬಹುಪಾಲು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಗೋಡೆ ದಪ್ಪವಾಗುವುದೂ ಯಕೃತ್ತಿನ ಕಾಯಿಲೆ, ಹೃದಯದ ದೌರ್ಬಲ್ಯ ಮುಂತಾದ ಬೇರೆ ಕಾರಣಗಳಿಂದ ಆಗಬಹುದು. ಚಿತ್ರವೂ ರೋಗಿಯ ಮಾತೂ ಒಂದಕ್ಕೊಂದು ತಾಳೆಯಾಗಬೇಕು.

ಎರಡನೆಯದು ಇದಕ್ಕೆ ತದ್ವಿರುದ್ಧ. ಕಲ್ಲಿದೆ, ನೋವೂ ಬಂದು ಹೋಗುತ್ತಿದೆ, ಆದರೂ "ಕರಗುವ ಔಷಧಿ ಇದೆಯಂತೆ" ಎಂದು ವರ್ಷಗಟ್ಟಲೆ ಮುಂದೂಡುವುದು. ದೀರ್ಘಕಾಲ ಕೆರಳಿದ ಪಿತ್ತಕೋಶದ ಗೋಡೆ ಕೆಲವರಲ್ಲಿ ಎಷ್ಟು ದಪ್ಪವಾಗುತ್ತದೆಂದರೆ, ಅದು ಉರಿಯೂತವೋ ಕ್ಯಾನ್ಸರೋ ಎಂದು ಚಿತ್ರ ನೋಡಿ ಹೇಳುವುದು ನುರಿತ ತಜ್ಞರಿಗೂ ಕಷ್ಟ. ಅಂಥ ಕಡೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗುತ್ತದೆ.

"ಅಲ್ಟ್ರಾಸೌಂಡ್ ಬೇಡ, ದೊಡ್ಡ ಸ್ಕ್ಯಾನೇ ಮಾಡಿಸಿಬಿಡಿ" ಎನ್ನುವವರಿದ್ದಾರೆ. ದುಡ್ಡು ಹೆಚ್ಚಾದರೆ ಪರೀಕ್ಷೆಯೂ ಉತ್ತಮ ಎಂಬ ನಂಬಿಕೆ ಅದು. ಆದರೆ ಪಿತ್ತಕೋಶದ ಕಲ್ಲಿನ ವಿಷಯದಲ್ಲಿ ಸಿ.ಟಿ. ಸ್ಕ್ಯಾನ್ ಅಲ್ಟ್ರಾಸೌಂಡಿಗಿಂತ ಹಿಂದೆ. ಹಲವು ಕಲ್ಲುಗಳ ಸಾಂದ್ರತೆ ಪಿತ್ತರಸದಷ್ಟೇ ಇರುವುದರಿಂದ ಅವು ಸಿ.ಟಿ.ಯಲ್ಲಿ ಕಾಣುವುದೇ ಇಲ್ಲ. ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣುವುದು ನೂರಕ್ಕೆ 10ರಿಂದ 15 ಕಲ್ಲುಗಳು ಮಾತ್ರ.

ಕಲ್ಲೇ ಇಲ್ಲದೆ ಅದೇ ಬಗೆಯ ನೋವು ಬರುವವರೂ ಇದ್ದಾರೆ. ಅವರಿಗೆ ಕೆಲವೊಮ್ಮೆ ಹೈಡಾ ಸ್ಕ್ಯಾನ್ ಮಾಡುತ್ತಾರೆ. ಅಲ್ಪ ಪ್ರಮಾಣದ ವಿಕಿರಣಶೀಲ ಟೆಕ್ನೀಷಿಯಂ ಬೆರೆತ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದು ಯಕೃತ್ತಿನ ಮೂಲಕ ಪಿತ್ತಕೋಶ ಸೇರುವುದನ್ನೂ, ಪಿತ್ತಕೋಶ ಹಿಂಡಿಕೊಂಡಾಗ ಎಷ್ಟು ಪಾಲು ಹೊರಬರುತ್ತದೆ ಎಂಬುದನ್ನೂ ಕ್ಯಾಮೆರಾ ಅಳೆಯುತ್ತದೆ. ಅಲ್ಟ್ರಾಸೌಂಡ್ ಅಂಗದ ಆಕಾರ ತೋರಿಸಿದರೆ ಇದು ಅಂಗದ ಕೆಲಸ ತೋರಿಸುತ್ತದೆ.

ಬೆನ್ನಿಗಂಟಿದ ಗ್ರಂಥಿ

ಮೇದೋಜೀರಕ ಗ್ರಂಥಿಯ ಕಥೆ ಬೇರೆ. ಅದರ ಮುಂದೆ ಜಠರ, ಕರುಳು ಇವೆ, ಅವುಗಳಲ್ಲಿ ಗಾಳಿ ಇದೆ. ಅಲ್ಟ್ರಾಸೌಂಡಿನ ಶಬ್ದ ಗಾಳಿಯನ್ನು ದಾಟುವುದಿಲ್ಲ. ಆದ್ದರಿಂದ ರಿಪೋರ್ಟಿನಲ್ಲಿ 'ಗಾಳಿಯಿಂದಾಗಿ ಮೇದೋಜೀರಕ ಗ್ರಂಥಿ ಸ್ಪಷ್ಟವಾಗಿ ಕಾಣಲಿಲ್ಲ' ಎಂಬ ಅರ್ಥದ ಸಾಲು ಎಷ್ಟೋ ಸಲ ಇರುತ್ತದೆ. ಆ ಸಾಲನ್ನು 'ಚೆನ್ನಾಗಿದೆ' ಎಂದು ಓದಬಾರದು. ಕಾಣದಿರುವುದು ಬೇರೆ, ಕಾಯಿಲೆ ಇಲ್ಲದಿರುವುದು ಬೇರೆ.

ಇಲ್ಲಿ ಸಿ.ಟಿ. ಸ್ಕ್ಯಾನಿನ ಸರದಿ. ಕ್ಷ-ಕಿರಣಗಳು ದೇಹದ ಸುತ್ತ ತಿರುಗುತ್ತಾ ಹಾಯುತ್ತವೆ, ಗಣಕಯಂತ್ರ ಲೆಕ್ಕ ಹಾಕಿ ಬ್ರೆಡ್ಡಿನ ಚೂರುಗಳಂತೆ ಅಡ್ಡ ಪದರಗಳನ್ನು ತೋರಿಸುತ್ತದೆ. ಗ್ರಂಥಿಯಲ್ಲಿ ಕುಳಿತ ಸುಣ್ಣದ ಕಲ್ಲುಗಳು, ಹಿಗ್ಗಿದ ನಾಳ, ಸವೆದ ಅಂಗ, ನೀರುಗುಳ್ಳೆ ಇವು ಸಿ.ಟಿ.ಯಲ್ಲಿ ಚೆನ್ನಾಗಿ ಕಾಣುತ್ತವೆ.

ನಾಳಗಳನ್ನೇ ವಿವರವಾಗಿ ನೋಡಬೇಕಾದರೆ ಎಂ.ಆರ್.ಸಿ.ಪಿ. ಎಂಬ ಎಂ.ಆರ್.ಐ. ವಿಧಾನವಿದೆ. 1990ರ ದಶಕದಲ್ಲಿ ಬಳಕೆಗೆ ಬಂದ ಇದರಲ್ಲಿ ಪಿತ್ತನಾಳ ಮತ್ತು ಮೇದೋಜೀರಕ ನಾಳ ಎರಡೂ ಬಿಳಿಯ ಮರದ ಕೊಂಬೆಗಳಂತೆ ಕಾಣುತ್ತವೆ. ಕ್ಷ-ಕಿರಣ ಇಲ್ಲ. ಆದರೆ ಬಲವಾದ ಅಯಸ್ಕಾಂತ ಇರುವುದರಿಂದ ಪೇಸ್‌ಮೇಕರ್ ಅಥವಾ ದೇಹದಲ್ಲಿ ಲೋಹದ ಚೂರು ಇರುವವರು ಮೊದಲೇ ತಿಳಿಸಬೇಕು. ಇದಕ್ಕೂ ಮುಂಚೆ, 1968ರಿಂದ, ಬಾಯಿಯ ಮೂಲಕ ಕೊಳವೆ ಇಳಿಸಿ ನಾಳಕ್ಕೆ ಬಣ್ಣ ತುಂಬಿ ಎಕ್ಸ್‌ರೇ ತೆಗೆಯುವ ಇ.ಆರ್.ಸಿ.ಪಿ. ವಿಧಾನ ಇತ್ತು. ಆ ಪರೀಕ್ಷೆಯೇ ಕೆಲವರಲ್ಲಿ ಮೇದೋಜೀರಕದ ಉರಿಯೂತ ಉಂಟುಮಾಡುವುದರಿಂದ ಈಗ ಅದನ್ನು ಬರೀ ಚಿತ್ರಕ್ಕಾಗಿ ಮಾಡುವುದು ಕಡಿಮೆ. ಕಲ್ಲು ತೆಗೆಯಲು, ಕಿರಿದಾದ ನಾಳ ಹಿಗ್ಗಿಸಲು ಬಳಸುತ್ತಾರೆ.

ಇನ್ನೊಂದು ಉಪಾಯ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಹೊರಗಿನಿಂದ ಗಾಳಿ ಅಡ್ಡ ಬರುವುದಾದರೆ ಅಲ್ಟ್ರಾಸೌಂಡ್ ಉಪಕರಣವನ್ನೇ ಕೊಳವೆಯ ತುದಿಯಲ್ಲಿಟ್ಟು ಜಠರದೊಳಗೆ ಇಳಿಸಿದರೆ? ಅಲ್ಲಿಂದ ಗ್ರಂಥಿ ಗೋಡೆಯಾಚೆಗೇ ಇದೆ. ಸಿ.ಟಿ.ಯಲ್ಲಿ ಕಾಣದ ಆರಂಭದ ಬದಲಾವಣೆಗಳೂ ಇದರಲ್ಲಿ ಕಾಣಬಹುದು. ಸಂಶಯ ಇರುವ ಕಡೆ ಸೂಜಿಯಿಂದ ಚೂರು ತೆಗೆದು ಪರೀಕ್ಷಿಸಲೂಬಹುದು. ಏಕೆಂದರೆ ಗ್ರಂಥಿಯ ಕೆಲವು ಉರಿಯೂತಗಳು ಕ್ಯಾನ್ಸರ್ ಗಡ್ಡೆಯಂತೆಯೇ ಕಾಣುತ್ತವೆ. ಅದರಲ್ಲೂ ದೇಹದ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬೀಳುವ ಒಂದು ಬಗೆಯ ಉರಿಯೂತ ಸ್ಟೀರಾಯ್ಡ್ ಔಷಧಿಗೆ ಕರಗುತ್ತದೆ. ಗುರುತಿಸದಿದ್ದರೆ ಅನಗತ್ಯ ದೊಡ್ಡ ಶಸ್ತ್ರಚಿಕಿತ್ಸೆ ಆಗಬಹುದು.

ಆರಂಭದ ಹಂತದಲ್ಲಿ ಎಲ್ಲ ಚಿತ್ರಗಳೂ ಸಹಜವಾಗಿರಬಹುದು. ದೀರ್ಘಕಾಲದ ಕಾಯಿಲೆಯಲ್ಲಿ ರಕ್ತದ ಅಮೈಲೇಸ್, ಲೈಪೇಸ್ ಪ್ರಮಾಣವೂ ಸಹಜವಾಗಿರಬಹುದು. 'ರಿಪೋರ್ಟ್ ನಾರ್ಮಲ್ ಇದೆ, ನಾಟಕ ಮಾಡುತ್ತಿದ್ದಾನೆ' ಎಂದು ನೋವಿರುವ ಮಗುವನ್ನು ಗದರಿಸುವವರು ಇದನ್ನು ನೆನಪಿಡಬೇಕು.

ಚಿತ್ರ ನೋಡಿ ಚಾರಿತ್ರ್ಯ ಅಳೆಯಬೇಡಿ

ಈಗ ಹೇಳುವ ಮಾತು ಸ್ವಲ್ಪ ಕಟುವಾದರೂ ಹೇಳಲೇಬೇಕು. ಮೇದೋಜೀರಕದ ದೀರ್ಘಕಾಲದ ಉರಿಯೂತಕ್ಕೆ ಕುಡಿತ ಒಂದು ದೊಡ್ಡ ಕಾರಣ ಎಂಬುದು ನಿಜ. ಧೂಮಪಾನವೂ ಕಾರಣ, ಇದನ್ನು ನಮ್ಮ ಯುವಕರು ಗಟ್ಟಿಯಾಗಿ ಕೇಳಿಸಿಕೊಳ್ಳಲಿ. ಆದರೆ ರಿಪೋರ್ಟಿನಲ್ಲಿ ಈ ಕಾಯಿಲೆಯ ಹೆಸರು ಬಂದ ಮಾತ್ರಕ್ಕೆ "ಹುಡುಗ ಕದ್ದುಮುಚ್ಚಿ ಕುಡಿಯುತ್ತಿದ್ದನೇನೋ" ಎಂದು ಪಿಸುಗುಟ್ಟುವುದು ಅನ್ಯಾಯ. ಕುಡಿತ ನಿಷಿದ್ಧವಾದ ನಮ್ಮ ಸಮಾಜದಲ್ಲಿ ಈ ಪಿಸುಮಾತು ಒಂದು ಕುಟುಂಬದ ಮಾನವನ್ನೇ ಕಳೆಯಬಲ್ಲದು. ನೆಂಟಸ್ತಿಕೆ ಮುರಿಯಬಲ್ಲದು. ಆ ಭಯಕ್ಕೇ ಕೆಲವರು ಕಾಯಿಲೆಯನ್ನು ಮುಚ್ಚಿಟ್ಟು ಚಿಕಿತ್ಸೆ ತಪ್ಪಿಸಿಕೊಳ್ಳುತ್ತಾರೆ.

ವಾಸ್ತವ ಏನೆಂದರೆ, ಮದ್ಯ ಮುಟ್ಟದ ಎಳೆಯರಲ್ಲೂ ಈ ಕಾಯಿಲೆ ಬರುತ್ತದೆ. ನಮ್ಮ ನೆರೆಯ ಕೇರಳದಲ್ಲಿ ಡಾ. ಪಿ.ಜೆ. ಗೀವರ್ಗೀಸ್ ಅವರು ಇಂಥ ನೂರಾರು ರೋಗಿಗಳನ್ನು ಕಂಡು ದಾಖಲಿಸಿದರು. ಬಾಲ್ಯದಲ್ಲೇ ಹೊಟ್ಟೆನೋವು, ಯೌವನದಲ್ಲಿ ಸಕ್ಕರೆ ಕಾಯಿಲೆ, ಎಕ್ಸ್‌ರೇ ತೆಗೆದರೆ ಗ್ರಂಥಿಯ ತುಂಬ ದೊಡ್ಡ ದೊಡ್ಡ ಸುಣ್ಣದ ಕಲ್ಲುಗಳು. ಇದಕ್ಕೆ ಉಷ್ಣವಲಯದ ಪ್ಯಾಂಕ್ರಿಯಾಟೈಟಿಸ್ ಎಂಬ ಹೆಸರು ಬಂತು. ಮೊದಲು ಮರಗೆಣಸಿನ ಮೇಲೆ, ಪೌಷ್ಟಿಕತೆಯ ಕೊರತೆಯ ಮೇಲೆ ಸಂಶಯ ಇತ್ತು. 2000ದ ನಂತರದ ಸಂಶೋಧನೆಗಳಲ್ಲಿ ಸ್ಪಿಂಕ್-1 ಎಂಬ ವಂಶವಾಹಿಯ ಬದಲಾವಣೆ ಈ ರೋಗಿಗಳಲ್ಲಿ ಅನೇಕರಿಗೆ ಇರುವುದು ತಿಳಿದುಬಂತು. ಅಂದರೆ ಹುಟ್ಟಿನಿಂದ ಬಂದ ದೌರ್ಬಲ್ಯ. ಅದಕ್ಕೆ ಯಾರ ನಡತೆಯೂ ಹೊಣೆಯಲ್ಲ. ಸಿ.ಟಿ. ಫಿಲ್ಮು ಕಲ್ಲನ್ನು ತೋರಿಸುತ್ತದೆ, ಕಲ್ಲಿನ ಹಿಂದಿನ ಜೀವನವನ್ನು ತೋರಿಸುವುದಿಲ್ಲ.

ಖರ್ಚು ಮತ್ತು ಕಿರಣ

ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಸುಮಾರು 8ರಿಂದ 10 ಮಿಲಿಸೀವರ್ಟ್ ವಿಕಿರಣ ದೇಹಕ್ಕೆ ಸಿಗುತ್ತದೆ. ಪ್ರಕೃತಿಯಿಂದ ಮನುಷ್ಯನಿಗೆ ಸಿಗುವುದು ವರ್ಷಕ್ಕೆ ಸರಾಸರಿ 2.4. ಅಂದರೆ ಒಂದು ಸ್ಕ್ಯಾನ್ ಮೂರು ನಾಲ್ಕು ವರ್ಷದ ಪಾಲಿಗೆ ಸಮ. ಅಗತ್ಯ ಇದ್ದಾಗ ಹೆದರಬೇಕಿಲ್ಲ, ಅಗತ್ಯ ಇಲ್ಲದಾಗ ಕೇಳಿ ಮಾಡಿಸಿಕೊಳ್ಳಬಾರದು. ಗರ್ಭಿಣಿಯರು ಮೊದಲೇ ಹೇಳಬೇಕು. ಸಿ.ಟಿ.ಗೆ ಚುಚ್ಚುವ ಬಣ್ಣದ ದ್ರವ ಕೆಲವರಿಗೆ ಅಲರ್ಜಿ ತರುತ್ತದೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ತೊಂದರೆ ಕೊಡಬಹುದು. ಹಾಗಾಗಿಯೇ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತಾರೆ.

ಹಳೆಯ ಫಿಲ್ಮು, ರಿಪೋರ್ಟ್, ಸಿ.ಡಿ.ಗಳನ್ನು ಒಂದು ಚೀಲದಲ್ಲಿ ಜೋಪಾನ ಮಾಡಿ. ಎರಡು ವರ್ಷದ ಹಿಂದಿನ ಚಿತ್ರವನ್ನು ಇಂದಿನದರ ಪಕ್ಕ ಇಟ್ಟಾಗಲೇ ಕಾಯಿಲೆ ಮುಂದುವರಿದಿದೆಯೋ ನಿಂತಿದೆಯೋ ತಿಳಿಯುವುದು. ಬಿ.ಪಿ.ಎಲ್. ಕಾರ್ಡ್ ಇರುವವರು ಸಾಲ ಮಾಡುವ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಬೇಕು. ವಿದ್ಯಾವಂತ ಮಕ್ಕಳು ಈ ವಿಚಾರಣೆಗೆ ತಮ್ಮ ಬೀದಿಯ ಹಿರಿಯರ ಜೊತೆ ಹೋಗಬೇಕು.

ವಿದ್ಯಾರ್ಥಿಗಳಿಗೆ

ಮಕ್ಕಳೇ, ಈ ಯಂತ್ರಗಳನ್ನು ಕಂಡುಹಿಡಿದವರಲ್ಲಿ ಹಲವರು ವೈದ್ಯರಲ್ಲ. 1895ರಲ್ಲಿ ಕ್ಷ-ಕಿರಣ ಕಂಡ ರಾಂಟ್‌ಜನ್ ಭೌತಶಾಸ್ತ್ರಜ್ಞ. 1971ರಲ್ಲಿ ಮೊದಲ ರೋಗಿಗೆ ಸಿ.ಟಿ. ಸ್ಕ್ಯಾನ್ ಆಗುವಂತೆ ಮಾಡಿದ ಹೌನ್ಸ್‌ಫೀಲ್ಡ್ ಒಬ್ಬ ಎಂಜಿನಿಯರ್, 1979ರಲ್ಲಿ ನೊಬೆಲ್ ಪಡೆದರು. ಎಂ.ಆರ್.ಐ.ಗಾಗಿ 2003ರಲ್ಲಿ ನೊಬೆಲ್ ಹಂಚಿಕೊಂಡ ಪೀಟರ್ ಮ್ಯಾನ್ಸ್‌ಫೀಲ್ಡ್ 15ನೇ ವಯಸ್ಸಿಗೇ ಶಾಲೆ ಬಿಟ್ಟು ಮುದ್ರಣದ ಕೆಲಸಕ್ಕೆ ಸೇರಿದವರು, ಮುಂದೆ ಮತ್ತೆ ಓದಿ ಭೌತಶಾಸ್ತ್ರಜ್ಞರಾದರು. ಮನೆಯ ಕಷ್ಟಕ್ಕೆ ಓದು ನಿಲ್ಲಿಸಿದ ನಮ್ಮ ಹುಡುಗರಿಗೆ ಈ ಮಾತನ್ನು ಯಾರಾದರೂ ತಲುಪಿಸಿ. ವಿಜ್ಞಾನ ಓದಿದವರಿಗೆ ಎಂ.ಬಿ.ಬಿ.ಎಸ್. ಒಂದೇ ದಾರಿಯಲ್ಲ. ಮೆಡಿಕಲ್ ಇಮೇಜಿಂಗ್ ತಂತ್ರಜ್ಞಾನದ ಡಿಪ್ಲೊಮಾ, ಬಿ.ಎಸ್ಸಿ. ಕೋರ್ಸುಗಳಿವೆ. ಪರೀಕ್ಷೆಗೆ ಬಂದು ಸಂಕೋಚದಿಂದ ಮುದುಡಿ ಮಲಗುವ ತಾಯಿಗೆ ಅವಳ ಭಾಷೆಯಲ್ಲೇ "ಖಾಲಾ, ಉಸಿರು ಬಿಗಿಹಿಡಿಯಿರಿ, ಈಗ ಬಿಡಿ" ಎಂದು ಹೇಳುವ ಹೆಣ್ಣುಮಕ್ಕಳು ಆ ಕೋಣೆಯಲ್ಲಿ ಬೇಕು.

ಒಟ್ಟಿನಲ್ಲಿ ನಾನು ಹೇಳಿದ್ದು ಇಷ್ಟೇ. ಮತ್ತೆ ಮತ್ತೆ ಬರುವ ನೋವನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕಬೇಡಿ. ನೋವಿನ ವಿವರ ಬರೆದು ವೈದ್ಯರ ಬಳಿ ಹೋಗಿ. ಪಿತ್ತಕೋಶಕ್ಕೆ ಮೊದಲು ಅಲ್ಟ್ರಾಸೌಂಡ್. ಮೇದೋಜೀರಕಕ್ಕೆ ಸಿ.ಟಿ., ನಾಳಕ್ಕೆ ಎಂ.ಆರ್.ಸಿ.ಪಿ., ಆಗಲೂ ಸಂಶಯ ಉಳಿದರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್. ಯಾವುದನ್ನು ಮಾಡಿಸಬೇಕೆಂದು ತೀರ್ಮಾನಿಸುವವರು ವೈದ್ಯರು. "ಈ ಪರೀಕ್ಷೆಯಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ ಡಾಕ್ಟ್ರೇ?" ಎಂದು ವಿನಯದಿಂದ ಕೇಳುವ ಹಕ್ಕು ನಮ್ಮದು. ಆ ಪ್ರಶ್ನೆ ಕೇಳುವ ಧೈರ್ಯವನ್ನು ಕೊಡುವುದೇ ಶಿಕ್ಷಣದ ಕೆಲಸ.